ಫ್ಲೋರೈಡ್-ಅಯಾನ್ ಬ್ಯಾಟರಿ: ಎಲೆಕ್ಟ್ರೋಲೈಟ್ ಪೆಲೆಟ್ ಬಿಸಿಯಾಗುವಾಗ ಒಂದು ವಾಹಕತೆ, ತಣಿಯುವಾಗ ಇನ್ನೊಂದು. ಎಂತಕ್ಕೆ?

ಸದಾಶಿವಗಡ_ಸೆಲ್ (ಕಾರವಾರ)

ನಮಸ್ಕಾರ. ಫ್ಲೋರೈಡ್-ಅಯಾನ್ ಬ್ಯಾಟರಿಗೆ ಘನ ಎಲೆಕ್ಟ್ರೋಲೈಟ್ (ಆನೋಡ್, ಕ್ಯಾಥೋಡ್ ನಡುವೆ ಫ್ಲೋರೈಡ್ ಅಯಾನು ಸಾಗಿಸುವ ಪದರ) ತಯಾರಿಸುತ್ತಿದ್ದೇವೆ. ವಸ್ತು: ಬೇರಿಯಂ ಬೆರೆಸಿದ ಲ್ಯಾಂಥನಂ ಫ್ಲೋರೈಡ್ (ಲ್ಯಾಂಥನಂ 0.9, ಬೇರಿಯಂ 0.1, ಫ್ಲೋರೀನ್ 2.9). ಕೆಳಗೆ ಎಲ್‌ಬಿಎಫ್ ಎಂದು ಬರೆಯುತ್ತೇನೆ.

ಮಾಡಿದ್ದು ಇಷ್ಟು: ಎರಡೂ ಫ್ಲೋರೈಡ್ ಪುಡಿಗಳನ್ನು ಸಾದಾ ಓವನ್‌ನಲ್ಲಿ 120 ಡಿಗ್ರಿಗೆ ಒಣಗಿಸಿ, ಜಿರ್ಕೋನಿಯಾ ಜಾಡಿಯಲ್ಲಿ 12 ಗಂಟೆ ಪ್ಲಾನೆಟರಿ ಬಾಲ್ ಮಿಲ್, ಆಮೇಲೆ 10 ಮಿ.ಮೀ. ಡೈನಲ್ಲಿ 2 ಟನ್ ಒತ್ತಡ. ಸಿಂಟರಿಂಗ್ (ಕರಗಿಸದೆ ಸುಟ್ಟು ಕಣಗಳನ್ನು ಬೆಸೆಯುವುದು) ಮಾಡಿಲ್ಲ. ಒತ್ತಿದ ಬಿಲ್ಲೆ, ಅಂದರೆ ಪೆಲೆಟ್, 0.40 ಗ್ರಾಂ, ದಪ್ಪ 1.1 ಮಿ.ಮೀ. ಎರಡೂ ಬದಿಗೆ ಸಿಲ್ವರ್ ಪೇಸ್ಟ್. ಇಂಪೀಡೆನ್ಸ್ (ಎ.ಸಿ.ಗೆ ಒಡ್ಡುವ ರೋಧ) ಅಳೆದದ್ದು 1 ಮೆಗಾಹರ್ಟ್ಸ್‌ನಿಂದ 0.1 ಹರ್ಟ್ಸ್‌ವರೆಗೆ, 10 ಮಿಲಿವೋಲ್ಟ್. ಹೋಲ್ಡರ್ ತೆರೆದ ಗಾಳಿಯಲ್ಲೇ ಇದೆ.

ಬಿಸಿ ಮಾಡಲು ಶುರು ಮಾಡುವಾಗ 30 ಡಿಗ್ರಿಯಲ್ಲಿ ಒಟ್ಟು ರೋಧ 70 ಕಿಲೋಓಮ್, ಅಂದರೆ ಸುಮಾರು 2×10⁻⁶ ಸೀಮೆನ್ಸ್/ಸೆಂ.ಮೀ. ಖುಷಿಯಾಯಿತು. ಆದರೆ 80-100 ಡಿಗ್ರಿ ಹತ್ತಿರ ವಾಹಕತೆ ಏರುವ ಬದಲು ಕುಸಿಯಿತು, ಮತ್ತೆ ಏರಿತು. 160 ಡಿಗ್ರಿಯಲ್ಲಿ 4×10⁻⁵. ತಣಿಸಿ ವಾಪಸ್ 30ಕ್ಕೆ ತಂದರೆ 2.4 ಮೆಗಾಓಮ್, ಅಂದರೆ 5.8×10⁻⁸.

ಯಾವುದನ್ನು ನಂಬಬೇಕು? 10 ಪರ್ಸೆಂಟ್ ಬೇರಿಯಂ ಪ್ರಮಾಣವೇ ಸರಿಯಿಲ್ಲವೋ? ಕ್ಯಾಲ್ಸಿಯಂಗೋ ಸಮೇರಿಯಂಗೋ ಹೋಗಬೇಕೋ? ಇದೇ ತಿಂಗಳು ಆರ್ಡರ್ ಹಾಕುವುದಿದೆ.

ಇಂಪೀಡೆನ್ಸ್_ಅಕ್ಕ (ಕುಮಟಾ)

ಆರ್ಡರ್ ಹಾಕಬೇಡಿ, ಸ್ವಲ್ಪ ತಡೆಯಿರಿ.

ಮೊದಲನೇ ಸಂಖ್ಯೆ ನೀರಿನದು, ನಿಮ್ಮ ಎಲ್‌ಬಿಎಫ್‌ನದಲ್ಲ. ಮಿಲ್ ಮಾಡಿದ ಪುಡಿಯ ಕಣಗಳು ಹತ್ತಾರು ನ್ಯಾನೋಮೀಟರ್ ಗಾತ್ರದವು, ಮೇಲ್ಮೈ ವಿಪರೀತ. ಒತ್ತಿದ ಪೆಲೆಟ್‌ನಲ್ಲಿ ಸಂದುಗಳು ಧಾರಾಳ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಗಾಳಿಗೆ ಇಟ್ಟರೆ ಆ ಸಂದುಗಳ ಒಳಗೋಡೆಗೆಲ್ಲ ನೀರಿನ ಪದರ ಕೂರುತ್ತದೆ, ಅದರೊಳಗೆ ಪ್ರೋಟಾನ್ ಓಡಾಡುತ್ತದೆ. ಮೀಟರಿಗೆ ಫ್ಲೋರೈಡ್ ಯಾವುದು, ಪ್ರೋಟಾನ್ ಯಾವುದು ಗೊತ್ತಾಗುವುದಿಲ್ಲ. 80-100 ಡಿಗ್ರಿಗೆ ನೀರು ಹಾರಿಹೋಯಿತು, ವಾಹಕತೆ ಬಿತ್ತು. ಅಲ್ಲಿಂದ ಮುಂದೆ ಕಂಡದ್ದು, ತಣಿಯುವಾಗ ಕಂಡದ್ದು ನಿಜವಾದದ್ದು. ಘನ ಫ್ಲೋರೈಡ್‌ಗಳಲ್ಲಿ ಕೋಣೆಯ ತಾಪಮಾನದಲ್ಲೇ ತುಂಬ ಒಳ್ಳೆಯ ಸಂಖ್ಯೆ ಬಂದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಅಳತೆಗೆ ಮೊದಲು ವ್ಯಾಕ್ಯೂಂನಲ್ಲಿ 200 ಡಿಗ್ರಿಗೆ ಎರಡು ಗಂಟೆ ಇಡಿ, ಒಣ ಆರ್ಗಾನ್ ತುಂಬಿದ ಮುಚ್ಚಿದ ಹೋಲ್ಡರ್‌ನಲ್ಲಿ ಅಳೆಯಿರಿ, ತಣಿಯುವಾಗಿನ ರೀಡಿಂಗ್ ಮಾತ್ರ ಬರೆದುಕೊಳ್ಳಿ. ಆಮೇಲೆ ಇನ್ನೊಂದು ಸಲ ಏರಿಸಿ ಇಳಿಸಿದಾಗ ಎರಡೂ ಗೆರೆ ಒಂದರ ಮೇಲೊಂದು ಕೂತರೆ ಪೆಲೆಟ್ ಒಣಗಿದೆ ಎಂದರ್ಥ.

ಹೋಲಿಕೆಗೆ: ಅಂಜಿ ರೆಡ್ಡಿ ಮತ್ತು ಫಿಚ್ಟ್‌ನರ್ 2011ರಲ್ಲಿ ಇದೇ ವಸ್ತುವಿಗೆ 160 ಡಿಗ್ರಿಯಲ್ಲಿ 2.8×10⁻⁴ ಕೊಟ್ಟಿದ್ದಾರೆ. ನಿಮ್ಮದು ಅದರ ಏಳನೇ ಒಂದು ಪಾಲು. ಕೆಟ್ಟದ್ದೇನಲ್ಲ, ಆದರೆ ಕಾರಣ ಬೇಕು. ಡೋಪಂಟ್ (ಬೆರೆಸುವ ಧಾತು) ಬದಲಾಯಿಸುವ ಮುಂಚೆ ಒಂದು ಮಾತು ಹೇಳಿ: ತಣಿದ ಮೇಲೆ 30 ಡಿಗ್ರಿಯ, ಇಂಪೀಡೆನ್ಸ್‌ನ ಎರಡು ಭಾಗಗಳನ್ನು ಎದುರುಬದುರು ಹಾಕಿದ ನೈಕ್ವಿಸ್ಟ್ ಪ್ಲಾಟ್‌ನಲ್ಲಿ ಅರ್ಧವೃತ್ತ ಒಂದೋ ಎರಡೋ? ಪ್ರತಿಯೊಂದರ ನೆತ್ತಿಯ ಫ್ರೀಕ್ವೆನ್ಸಿ ಎಷ್ಟು?

ಸದಾಶಿವಗಡ_ಸೆಲ್

ಎರಡು ಇವೆ ಅಕ್ಕಾ. ಚಿಕ್ಕದು ಸುಮಾರು 300 ಕಿಲೋಓಮ್, ನೆತ್ತಿ 50 ಕಿಲೋಹರ್ಟ್ಸ್ ಹತ್ತಿರ. ದೊಡ್ಡದು 2.1 ಮೆಗಾಓಮ್, ನೆತ್ತಿ 100 ಹರ್ಟ್ಸ್. ನಾವು ಎರಡನ್ನೂ ಸೇರಿಸಿ ಒಟ್ಟು ಹಾಕಿದ್ದೆವು.

ಇಂಪೀಡೆನ್ಸ್_ಅಕ್ಕ

ಉತ್ತರ ಅಲ್ಲೇ ಇದೆ. ಪ್ರತಿ ಅರ್ಧವೃತ್ತಕ್ಕೂ ಕೆಪಾಸಿಟೆನ್ಸ್ ತೆಗೆಯಿರಿ: 1 ಭಾಗಿಸು (2 × ಪೈ × ನೆತ್ತಿಯ ಫ್ರೀಕ್ವೆನ್ಸಿ × ರೋಧ).

ಚಿಕ್ಕದಕ್ಕೆ 10.6 ಪಿಕೋಫ್ಯಾರಡ್ ಬರುತ್ತದೆ. ಲ್ಯಾಂಥನಂ ಫ್ಲೋರೈಡ್‌ನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 14. ನಿಮ್ಮ ಪೆಲೆಟ್‌ನ ಅಳತೆ ಹಾಕಿದರೆ ಬರೀ ಜ್ಯಾಮಿತಿಯಿಂದಲೇ 9 ಪಿಕೋಫ್ಯಾರಡ್ ಬರಬೇಕು. ಸರಿಹೋಯಿತು, ಅದು ಕಣದ ಒಳಗಿನ ರೋಧ. ದೊಡ್ಡದಕ್ಕೆ 0.76 ನ್ಯಾನೋಫ್ಯಾರಡ್, ಅದು ಗ್ರೇನ್ ಬೌಂಡರಿ, ಅಂದರೆ ಕಣಕ್ಕೂ ಕಣಕ್ಕೂ ನಡುವಿನ ಗಡಿ. ಇಲೆಕ್ಟ್ರೋಡಿನದಾಗಿದ್ದರೆ ಮೈಕ್ರೋಫ್ಯಾರಡ್ ಲೆಕ್ಕದಲ್ಲಿ ಇರುತ್ತಿತ್ತು.

ಈಗ ಕಣದ ಒಳಗಿನದನ್ನು ಮಾತ್ರ ಹಿಡಿದು ಲೆಕ್ಕ ಹಾಕಿ. ದಪ್ಪ 0.11 ಸೆಂ.ಮೀ., ವಿಸ್ತೀರ್ಣ 0.785 ಚದರ ಸೆಂ.ಮೀ., ರೋಧ 300 ಕಿಲೋಓಮ್: 4.7×10⁻⁷. ರೆಡ್ಡಿಯವರ 160 ಡಿಗ್ರಿಯ ಸಂಖ್ಯೆಯನ್ನು 0.55 ಎಲೆಕ್ಟ್ರಾನ್‌ವೋಲ್ಟ್ ಸಕ್ರಿಯಣ ಶಕ್ತಿ (ಅಯಾನು ಹಾರಲು ಬೇಕಾದ ಶಕ್ತಿ) ಹಿಡಿದು ಕೆಳಗಿಳಿಸಿದರೂ ಕೋಣೆಯ ತಾಪಮಾನಕ್ಕೆ ಸುಮಾರು 5×10⁻⁷ ಬರುತ್ತದೆ. ನಿಮ್ಮ ಬೇರಿಯಂ ಪ್ರಮಾಣದಲ್ಲಿ ತಪ್ಪಿಲ್ಲ. ಹೆದ್ದಾರಿ ನಾಲ್ಕು ಲೇನಿನದೇ. ಊರೂರಿಗೆ ಬರುವ ಸೇತುವೆ ಮಾತ್ರ ಒಂದೇ ಲೇನಿನದು.

ಬೇರಿಯಂ ಹೆಚ್ಚಿಸಿದರೂ ಲಾಭವಿಲ್ಲ. ಮೂರು ಚಾರ್ಜಿನ ಲ್ಯಾಂಥನಂ ಜಾಗಕ್ಕೆ ಎರಡು ಚಾರ್ಜಿನ ಬೇರಿಯಂ ಕೂತಾಗ ಒಂದು ಫ್ಲೋರೈಡ್ ಜಾಗ ಖಾಲಿ ಬೀಳುತ್ತದೆ, ಆ ಖಾಲಿ ಜಾಗದ ಮೂಲಕ ಅಯಾನು ಹಾರುತ್ತದೆ. ಮಿತಿ ಮೀರಿ ಬೆರೆಸಿದರೆ ಖಾಲಿ ಜಾಗಗಳು ಬೇರಿಯಂ ಸುತ್ತಲೇ ಅಂಟಿಕೊಂಡು ಓಡಾಟ ನಿಲ್ಲುತ್ತದೆ, ಕೊನೆಗೆ ಬೇರಿಯಂ ಫ್ಲೋರೈಡ್ ಬೇರೆಯಾಗಿಯೇ ಉಳಿಯುತ್ತದೆ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣದಿಂದ ಹರಳಿನ ರಚನೆ ಗುರುತಿಸುವ ಪರೀಕ್ಷೆ) ಅದನ್ನು ಹುಡುಕುವಾಗ 24.9 ಡಿಗ್ರಿಯ ಮುಖ್ಯ ಪೀಕ್ ನೋಡಿದರೆ ಕಾಣುವುದಿಲ್ಲ, ಲ್ಯಾಂಥನಂ ಫ್ಲೋರೈಡ್‌ನ ಪೀಕ್ ಅಡಿಯಲ್ಲಿ ಅಡಗಿರುತ್ತದೆ. 48.7ರ ಹತ್ತಿರ ನೋಡಿ.

ಸಿಲ್ವರ್ ಪೇಸ್ಟ್ ಬಿಡಿ. ಅದರ ದ್ರಾವಕ ಸಂದುಗಳೊಳಗೆ ಇಳಿಯುತ್ತದೆ; ಡಿ.ಸಿ. ಕೊಟ್ಟರೆ ಬೆಳ್ಳಿಯೇ ಫ್ಲೋರೈಡ್ ಆಗಬಹುದು. ಚಿನ್ನ ಸ್ಪಟರ್ ಮಾಡಿಸಿ, ಆಗದಿದ್ದರೆ ಗ್ರಾಫೈಟ್ ಸ್ಪ್ರೇ. ಕೇಬಲ್ಲಿನ ಓಪನ್-ಶಾರ್ಟ್ ಕರೆಕ್ಷನ್ (ತುದಿ ತೆರೆದು, ಆಮೇಲೆ ಜೋಡಿಸಿ ಅಳೆದು ಕೇಬಲ್ಲಿನ ಪಾಲು ಕಳೆಯುವುದು) ಮಾಡದೆ ಪಿಕೋಫ್ಯಾರಡ್ ಮಾತಾಡಬೇಡಿ.

ಘಟ್ಟದ_ಮೇಲಿನವ (ಶಿರಸಿ)

ಅಕ್ಕ ರೋಗ ಹಿಡಿದಿದ್ದಾರೆ, ಔಷಧಿ ನಾನು ಬರೆಯುತ್ತೇನೆ.

ಪೆಲೆಟ್‌ನ ಸಾಂದ್ರತೆ ನೋಡಿ ಮೊದಲು. 0.40 ಗ್ರಾಂ, ಘನ ಅಳತೆ 0.0864: ಅಂದರೆ 4.63. ಸೈದ್ಧಾಂತಿಕವಾಗಿ 5.9ರ ಆಸುಪಾಸು ಇರಬೇಕು. 78 ಪರ್ಸೆಂಟ್! ಐದರಲ್ಲೊಂದು ಭಾಗ ಗಾಳಿ. ಲ್ಯಾಂಥನಂ ಫ್ಲೋರೈಡ್ ಗಟ್ಟಿ ವಸ್ತು, ತಣ್ಣಗೆ ಒತ್ತಿದರೆ ಕಣಗಳು ತುದಿ ತುದಿಯಲ್ಲಿ ಮಾತ್ರ ಮುಟ್ಟುತ್ತವೆ. 10 ಮಿ.ಮೀ. ಡೈಗೆ 2 ಟನ್ ಎಂದರೆ 250 ಮೆಗಾಪಾಸ್ಕಲ್. 4 ಟನ್‌ಗೆ ಏರಿಸಿ, ಐದು ನಿಮಿಷ ಹಿಡಿದು, ನಿಧಾನಕ್ಕೆ ಬಿಡಿ; ಧಡಕ್ಕನೆ ಬಿಟ್ಟರೆ ಪೆಲೆಟ್ ತೊಪ್ಪಿಯ ಹಾಗೆ ಮೇಲ್ಪದರ ಕಳಚುತ್ತದೆ. ಐಆರ್ (ಇನ್‌ಫ್ರಾರೆಡ್) ಪರೀಕ್ಷೆಗೆ ಪೊಟ್ಯಾಸಿಯಂ ಬ್ರೋಮೈಡ್ ಒತ್ತುವ ಡೈಯನ್ನೇ ಬಳಸುವವರಿದ್ದರೆ ಅದನ್ನು ಮೊದಲು ನೀರಲ್ಲಿ, ಆಮೇಲೆ ಐಸೊಪ್ರೊಪನಾಲ್‌ನಲ್ಲಿ ತೊಳೆದು ಒಣಗಿಸಿ. ಸಂದಿಯಲ್ಲುಳಿದ ಬ್ರೋಮೈಡ್ ಪುಡಿ ನೀರನ್ನೂ ಎಳೆಯುತ್ತದೆ, ಪೊಟ್ಯಾಸಿಯಂ ಅನ್ನೂ ಬಿಡುತ್ತದೆ.

ಆದರೆ ಬರೀ ಒತ್ತಡದಿಂದ ಗ್ರೇನ್ ಬೌಂಡರಿ ಸರಿಹೋಗುವುದಿಲ್ಲ. ಎಲ್‌ಬಿಎಫ್‌ನಂಥ ಟೈಸೊನೈಟ್ ರಚನೆಯಲ್ಲಿ (ಲ್ಯಾಂಥನಂ ಫ್ಲೋರೈಡ್‌ನ ಹರಳಿನ ರಚನೆ) ಗ್ರೇನ್ ಬೌಂಡರಿ ಅಡ್ಡಗೋಡೆ. ಅದಕ್ಕೆ ಸಿಂಟರಿಂಗ್ ಬೇಕೇ ಬೇಕು: ಕಣ ಬೆಳೆದು ಗೋಡೆಗಳ ಸಂಖ್ಯೆ ಇಳಿಯಬೇಕು. ಸುಮಾರು 800 ಡಿಗ್ರಿ, ಎರಡು ಗಂಟೆ. ಇಲ್ಲೇ ಎಲ್ಲರೂ ಮುಗ್ಗರಿಸುವುದು, ಯಾಕೆಂದರೆ ಆ ಶಾಖದಲ್ಲಿ ನೀರಾವಿ ಸಿಕ್ಕರೆ ಲ್ಯಾಂಥನಂ ಫ್ಲೋರೈಡ್ ಆಕ್ಸಿಫ್ಲೋರೈಡ್ ಆಗಿ ಹೈಡ್ರೋಜನ್ ಫ್ಲೋರೈಡ್ ಬಿಡುತ್ತದೆ. ಆಕ್ಸಿಫ್ಲೋರೈಡ್ ಹುಟ್ಟುವುದು ಕಣದ ಹೊರಮೈಯಲ್ಲಿ, ಅಂದರೆ ನೀವು ಸರಿಮಾಡಲು ಹೊರಟ ಅದೇ ಗಡಿಯಲ್ಲಿ. ಸಿಂಟರ್ ಮಾಡಿದ ಮೇಲೂ ವಾಹಕತೆ ಏರದಿದ್ದರೆ ಎಕ್ಸ್‌ಆರ್‌ಡಿಯಲ್ಲಿ 26.5ರಿಂದ 27 ಡಿಗ್ರಿ ನಡುವೆ ಹೊಸ ಪೀಕ್ ಎದ್ದಿದೆಯೋ ನೋಡಿ. ಎದ್ದಿದ್ದರೆ ಆ ಬ್ಯಾಚ್ ಮುಗಿಯಿತು.

ಹಾಗಾಗಿ ಕೆಲಸ ಶುರುವಾಗಬೇಕಾದ್ದು ಒಣಗಿಸುವುದರಿಂದ. ಸಾದಾ ಓವನ್‌ನ 120 ಡಿಗ್ರಿ ಸಾಲದು. ನಮ್ಮ ಕಡೆಯ ಆಷಾಢದಲ್ಲಿ ಓವನ್ ಒಳಗಿನ ಗಾಳಿಯೂ ತೇವದ್ದೇ. ವ್ಯಾಕ್ಯೂಂ ಓವನ್‌ನಲ್ಲಿ 200 ಡಿಗ್ರಿ, ರಾತ್ರಿಯಿಡೀ; ವ್ಯಾಕ್ಯೂಂನಲ್ಲೇ ತಣಿಸಿ, ನೇರ ಗ್ಲೋವ್ ಬಾಕ್ಸ್‌ಗೆ (ಒಣ ಆರ್ಗಾನ್ ತುಂಬಿದ, ಕೈಗವಸಿನ ಮುಚ್ಚಿದ ಪೆಟ್ಟಿಗೆ). ಲ್ಯಾಂಥನಂ ನೈಟ್ರೇಟ್‌ಗೆ ಅಮೋನಿಯಂ ಫ್ಲೋರೈಡ್ ಸೇರಿಸಿ ನೀರಿನಲ್ಲೇ ಪುಡಿ ಇಳಿಸಿಕೊಂಡವರಿಗೆ ಇನ್ನೂ ಕಷ್ಟ, ಅದರ ಮೈಮೇಲೆ ಹೈಡ್ರಾಕ್ಸಿಲ್ ಅಂಟಿರುತ್ತದೆ. ಅಂಥ ಪುಡಿಯನ್ನು ಈ ಕೆಲಸಕ್ಕೆ ತರದಿರುವುದೇ ವಾಸಿ.

5 ಗ್ರಾಂ ಬ್ಯಾಚ್‌ಗೆ ಲ್ಯಾಂಥನಂ ಫ್ಲೋರೈಡ್ 4.548 ಗ್ರಾಂ, ಬೇರಿಯಂ ಫ್ಲೋರೈಡ್ 0.452 ಗ್ರಾಂ. 80 ಮಿ.ಲೀ. ಜಾಡಿ, 10 ಮಿ.ಮೀ. ಜಿರ್ಕೋನಿಯಾ ಗುಂಡು 17-18, ಅಂದರೆ ಸುಮಾರು 55 ಗ್ರಾಂ. ಗುಂಡಿಗೂ ಪುಡಿಗೂ 11:1. ಜಾಡಿಯನ್ನು ಗ್ಲೋವ್ ಬಾಕ್ಸ್ ಒಳಗೇ ಓ-ರಿಂಗ್ ಹಾಕಿ ಕ್ಲ್ಯಾಂಪ್ ಮಾಡಿ. ಬರೀ ಟೇಪ್ ಸುತ್ತಿದರೆ ಬಿಸಿಯಾಗಿ ತಣಿಯುವಾಗ ಒಳಗೆ ಗಾಳಿ ಎಳೆದುಕೊಳ್ಳುತ್ತದೆ. 10 ನಿಮಿಷ ಓಟ, 10 ನಿಮಿಷ ಬಿಡುವು. ಓಟದ ಲೆಕ್ಕದಲ್ಲಿ 12 ಗಂಟೆ. ಬಿಡುವಿಲ್ಲದೆ ಓಡಿಸಿದರೆ ಪುಡಿ ಗೋಡೆಗೆ ಮೆತ್ತಿಕೊಂಡು ಕೆಳಗಿನ ಪದರ ಅರೆಯದೇ ಉಳಿಯುತ್ತದೆ. ಮಧ್ಯದಲ್ಲೊಮ್ಮೆ ಗ್ಲೋವ್ ಬಾಕ್ಸ್‌ನಲ್ಲಿ ತೆರೆದು ಕೆರೆದುಹಾಕಿ.

ಸಿಂಟರಿಂಗ್‌ಗೆ ಪೆಲೆಟ್ ಅನ್ನು ಅದೇ ಪುಡಿಯ ಹಾಸಿಗೆಯಲ್ಲಿ ಹೂತು, ಮುಚ್ಚಳವಿರುವ ಗ್ರಾಫೈಟ್ ಅಥವಾ ನಿಕಲ್ ಪಾತ್ರೆಯಲ್ಲಿ ಇಡಿ. ನೀರಾವಿ ಬಂದರೆ ಹೊರಗಿನ ಪುಡಿ ಮೊದಲು ಬಲಿಯಾಗಲಿ. ಕ್ವಾರ್ಟ್ಸ್ ಟ್ಯೂಬ್ ಬೇಡವೇ ಬೇಡ. ಸ್ವಲ್ಪ ಹೈಡ್ರೋಜನ್ ಫ್ಲೋರೈಡ್ ಹುಟ್ಟಿದರೂ ಸಿಲಿಕಾ ತಿಂದು ಮತ್ತೆ ನೀರಾವಿ ಮಾಡುತ್ತದೆ, ಆ ನೀರಾವಿ ವಾಪಸ್ ಪೆಲೆಟ್ ತಿನ್ನುತ್ತದೆ. ಅಲ್ಯುಮಿನಾ ಅಥವಾ ಇಂಕೊನೆಲ್ ಟ್ಯೂಬ್. ಆರ್ಗಾನ್ ಬರುವ ದಾರಿಯಲ್ಲಿ ಮಾಲಿಕ್ಯುಲರ್ ಸೀವ್, ಪೆಲೆಟ್‌ಗೆ ಮುಂಚೆ ಬಿಸಿಭಾಗದಲ್ಲೇ ಜಿರ್ಕೋನಿಯಂ ಚೂರುಗಳು: ಉಳಿದ ಆಮ್ಲಜನಕ, ತೇವ ಅಲ್ಲೇ ಹೀರಲಿ. 300 ಡಿಗ್ರಿಯಲ್ಲಿ ಒಂದು ಗಂಟೆ ನಿಲ್ಲಿಸಿ ಮುಂದೆ ಹೋಗಿ.

ಹೊರಬರುವ ಗಾಳಿಯನ್ನು ಸುಣ್ಣದ ಹಾಲಿನ ಮೂಲಕ ಬಿಡಿ, ಗಾಜಿನ ಬಾಟಲಿ ಬೇಡ, ಪಾಲಿಥೀನ್ ಬಾಟಲಿ. ಅಘನಾಶಿನಿಯ ಚಿಪ್ಪಿ ಸುಣ್ಣವಾದರೂ ನಡೆಯುತ್ತದೆ, ಫ್ಲೋರೈಡ್‌ಗೆ ಅದರಲ್ಲಿ ಭೇದವಿಲ್ಲ. ಕ್ಯಾಲ್ಸಿಯಂ ಫ್ಲೋರೈಡ್ ಗಟ್ಟಿಯಾಗಿ ಕೂತು ಸಣ್ಣ ನಳಿಗೆ ಕಟ್ಟುತ್ತದೆ, ಅಗಲ ನಳಿಗೆ ಹಾಕಿ. ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಟ್ಯೂಬ್ ಲ್ಯಾಬ್‌ನಲ್ಲಿ ಇಲ್ಲದಿದ್ದರೆ ಫರ್ನೇಸ್ ಆನ್ ಮಾಡಬೇಡಿ. ಹೈಡ್ರೋಜನ್ ಫ್ಲೋರೈಡ್ ತಗುಲಿದ್ದು ಮೊದಲಿಗೆ ಉರಿಯದೇ ಇರಬಹುದು, ಒಳಗೆ ಇಳಿಯುತ್ತಲೇ ಇರುತ್ತದೆ.

ಸದಾಶಿವಗಡ_ಸೆಲ್

ತುಂಬಾ ಉಪಕಾರವಾಯಿತು ಇಬ್ಬರಿಗೂ. ಇಲ್ಲಿ ಆರ್ಗಾನ್ ಹಾಯಿಸುವ ಟ್ಯೂಬ್ ಫರ್ನೇಸ್ 500 ಡಿಗ್ರಿವರೆಗಿನದು ಮಾತ್ರ ಇದೆ. ಸಿಂಟರಿಂಗ್ ಬೇಡದ ವಸ್ತು ಯಾವುದಾದರೂ ಇದೆಯಾ? ಬೇರಿಯಂ ಟಿನ್ ಫ್ಲೋರೈಡ್ ಕೋಣೆಯ ತಾಪಮಾನದಲ್ಲೇ 10⁻⁴ ಕೊಡುತ್ತದೆ ಅಂತ ಓದಿದೆ. ನೇರ ಅದಕ್ಕೇ ಹಾರಿದರೆ ಹೇಗೆ?

ಅಂಕೋಲಾ_ಫ್ಲೋರೀನ್

ಎರಡು ದಾರಿ ಇವೆ. ಒಂದು ಸಾಧಾರಣ, ಒಂದು ಆಸೆ ಹುಟ್ಟಿಸುವಂಥದ್ದು.

ಸಾಧಾರಣದ್ದು ಬೇರಿಯಂ ಜಾಸ್ತಿ ಇರುವ ಫ್ಲೋರೈಟ್ ರಚನೆ: ಬೇರಿಯಂ 0.6, ಲ್ಯಾಂಥನಂ 0.4, ಫ್ಲೋರೀನ್ 2.4. ಇಲ್ಲಿ ಅಯಾನು ಸಾಗುವುದು ಖಾಲಿ ಜಾಗದಿಂದಲ್ಲ, ಹೆಚ್ಚುವರಿ ಫ್ಲೋರೈಡ್‌ನಿಂದ. ಗ್ರೇನ್ ಬೌಂಡರಿ ಇಲ್ಲಿ ಅಡ್ಡಿಯಲ್ಲ, ಸಹಾಯವೇ. ಮಿಲ್‌ನಿಂದ ತೆಗೆದ ನ್ಯಾನೋ ಪುಡಿಯನ್ನು ಹಾಗೇ ಒತ್ತಿ ಬಳಸುತ್ತಾರೆ, ಸುಟ್ಟು ಕಣ ಬೆಳೆಸಿದರೆ ಕೆಡುತ್ತದೆ. 5 ಗ್ರಾಂಗೆ ಬೇರಿಯಂ ಫ್ಲೋರೈಡ್ 2.866, ಲ್ಯಾಂಥನಂ ಫ್ಲೋರೈಡ್ 2.134. ಚೆನ್ನಾಗಿ ಸಿಂಟರ್ ಮಾಡಿದ ಎಲ್‌ಬಿಎಫ್‌ನ ಮಟ್ಟ ಮುಟ್ಟುವುದಿಲ್ಲ, ಆದರೆ ನಿಮ್ಮ ಹತ್ತಿರ ಇರುವ ಸಾಮಾನಿನಲ್ಲೇ ನಾಳೆ ಶುರು ಮಾಡಬಹುದು.

ಇನ್ನೊಂದು ಬೇರಿಯಂ ಟಿನ್ ಫ್ಲೋರೈಡ್. ಟೆಟ್ರಾಗೋನಲ್ ರೂಪದಲ್ಲಿ ಕೋಣೆಯ ತಾಪಮಾನಕ್ಕೆ 3.5×10⁻⁴, ಸುಳ್ಳಲ್ಲ. ನಿಮ್ಮ ಡೈನಲ್ಲಿ 1 ಮಿ.ಮೀ. ಪೆಲೆಟ್ ಮಾಡಿದರೆ ಒಟ್ಟು ರೋಧ ಬರೀ 360 ಓಮ್ ಚಿಲ್ಲರೆ. ಮೃದು ವಸ್ತು, ತಣ್ಣಗೆ ಒತ್ತಿದರೂ ಕೂಡಿಕೊಳ್ಳುತ್ತದೆ. ನಿಮ್ಮ 500 ಡಿಗ್ರಿ ಫರ್ನೇಸ್ ಸಾಕು. ಬೇರಿಯಂ ಫ್ಲೋರೈಡ್ 2.640 ಗ್ರಾಂ, ಸ್ಟ್ಯಾನಸ್ ಫ್ಲೋರೈಡ್ 2.360 ಗ್ರಾಂ, ಆರ್ಗಾನ್‌ನಲ್ಲಿ ಮಿಲ್, ಆಮೇಲೆ ಆರ್ಗಾನ್‌ನಲ್ಲೇ 300 ಡಿಗ್ರಿ ಎರಡು ಗಂಟೆ. ಮಿಲ್ ಆದಾಗ ಬರುವುದು ಕ್ಯೂಬಿಕ್ ರೂಪ, ಕಾಯಿಸಿದ ಮೇಲೆ ಟೆಟ್ರಾಗೋನಲ್. ಮಿಲ್ಲಿಂಗ್ ಅರ್ಧಂಬರ್ಧ ಆಗಿದ್ದರೆ ಉಳಿದ ಸ್ಟ್ಯಾನಸ್ ಫ್ಲೋರೈಡ್ 215 ಡಿಗ್ರಿ ಹತ್ತಿರ ಕರಗಿ ಒಂದು ಮೂಲೆಗೆ ಸೇರುತ್ತದೆ. ಎಕ್ಸ್‌ಆರ್‌ಡಿಯಲ್ಲಿ ಅದರ ಪೀಕ್ ಪೂರ್ತಿ ಹೋಗುವ ತನಕ ಕಾಯಿಸಬೇಡಿ. ಸ್ಟ್ಯಾನಸ್ ಫ್ಲೋರೈಡ್ ತೇವಕ್ಕೂ ಗಾಳಿಗೂ ಲ್ಯಾಂಥನಂನಷ್ಟು ತಡೆಯುವುದಿಲ್ಲ. ತವರದ ಚಾರ್ಜ್ ಎರಡರಿಂದ ನಾಲ್ಕಕ್ಕೆ ಏರುತ್ತದೆ. ತೆರೆದ ಬಾಟಲಿಯಲ್ಲಿ ಒಂದು ಮಳೆಗಾಲ ಕಳೆದ ಹಳೇ ಸ್ಟಾಕ್ ಬಳಸಬೇಡಿ. ಕಾಯಿಸಿದ ಪುಡಿ ಬಿಳಿ ಬಿಟ್ಟು ಬೂದಿ ಬಣ್ಣಕ್ಕೆ ತಿರುಗಿದ್ದರೆ ಅನುಮಾನಿಸಿ, ಮೊದಲು ಡಿ.ಸಿ. ಪೋಲರೈಸೇಶನ್‌ನಿಂದ (ಸ್ಥಿರ ವೋಲ್ಟೇಜ್ ಕೊಟ್ಟು ಕೊನೆಗೆ ಉಳಿಯುವ ಕರೆಂಟ್ ನೋಡುವುದು) ಎಲೆಕ್ಟ್ರಾನ್ ವಾಹಕತೆ ಅಳೆಯಿರಿ.

ಈಗ ಕಹಿ ಸುದ್ದಿ. ಆ ತವರವೇ ಇದರ ದೌರ್ಬಲ್ಯ. ಸೀರಿಯಂ, ಲ್ಯಾಂಥನಂ, ಮೆಗ್ನೀಷಿಯಂನಂಥ ಒಳ್ಳೆಯ ವೋಲ್ಟೇಜ್ ಕೊಡುವ ಆನೋಡ್ ತಾಗಿಸಿದರೆ ಎಲೆಕ್ಟ್ರೋಲೈಟ್‌ನ ತವರವೇ ಲೋಹವಾಗಿ ಇಳಿಯುತ್ತದೆ. ತವರ ಲೋಹ ಎಲೆಕ್ಟ್ರಾನ್ ಹರಿಸುತ್ತದೆ, ಆ ಪದರ ಬೆಳೆಯುತ್ತಲೇ ಹೋಗುತ್ತದೆ, ಸೆಲ್ ಒಳಗಿಂದೊಳಗೇ ಶಾರ್ಟ್. ಇದನ್ನು ಬಳಸಿ ಕೋಣೆಯ ತಾಪಮಾನದಲ್ಲಿ ಓಡಿಸಿ ತೋರಿಸಿದ ಸೆಲ್‌ಗಳಲ್ಲಿ ಆನೋಡ್ ತವರ ಅಥವಾ ಸತು, ಕ್ಯಾಥೋಡ್ ಬಿಸ್ಮತ್ ಫ್ಲೋರೈಡ್. ವೋಲ್ಟೇಜ್ ಕಡಿಮೆ. ಸೀಸ ಟಿನ್ ಫ್ಲೋರೈಡ್ ಇನ್ನೂ ಜೋರು, ಸುಮಾರು 10⁻³. ಅದೇ ತವರ, ಅದೇ ತೊಂದರೆ, ಮೇಲಿಂದ ಸೀಸದ ವಿಷ.

ಎಲೆಕ್ಟ್ರೋಲೈಟ್ ಸುಧಾರಣೆ ಅಂದರೆ ವಾಹಕತೆಯ ಸಂಖ್ಯೆ ಏರಿಸುವುದು ಅಂತ ಮಾತ್ರ ತಿಳಿದರೆ ಇಲ್ಲಿ ಎಡವುತ್ತೀರಿ. ಆನೋಡ್ ಯಾವುದೆಂದು ಮೊದಲು ತೀರ್ಮಾನಿಸಿ, ಅದನ್ನು ತಡೆದುಕೊಳ್ಳುವ ಎಲೆಕ್ಟ್ರೋಲೈಟ್ ಆಮೇಲೆ ಆರಿಸಿ.

ಎರಡನ್ನೂ ಜೋಡಿಸುವ ಉಪಾಯವೂ ಇದೆ: ಆನೋಡ್ ಬದಿಗೆ ತೆಳ್ಳಗೆ ಎಲ್‌ಬಿಎಫ್, ಉಳಿದ ದಪ್ಪವೆಲ್ಲ ಬೇರಿಯಂ ಟಿನ್. ಲೆಕ್ಕ ನೋಡಿ. ಬೇರಿಯಂ ಟಿನ್ 0.7 ಮಿ.ಮೀ.ಗೆ ಪ್ರತಿ ಚದರ ಸೆಂ.ಮೀ.ಗೆ 200 ಓಮ್. ಎಲ್‌ಬಿಎಫ್ 0.1 ಮಿ.ಮೀ., ಅಕ್ಕ ತೆಗೆದ ಕಣದೊಳಗಿನ 5×10⁻⁷ ಹಿಡಿದರೂ 20,000 ಓಮ್. ಚದರ ಸೆಂ.ಮೀ.ಗೆ 10 ಮೈಕ್ರೋಆಂಪ್ ಹರಿಸಿದರೆ ಆ ತೆಳು ಪದರದಲ್ಲೇ 0.2 ವೋಲ್ಟ್ ಹೋಯಿತು. ಅಂದರೆ 0.1 ಮಿ.ಮೀ. ಕೂಡ ದಪ್ಪವೇ. 10 ಮಿ.ಮೀ. ಡೈಗೆ 0.1 ಮಿ.ಮೀ. ಎಂದರೆ 45 ಮಿಲಿಗ್ರಾಂ ಪುಡಿ. ಅದನ್ನು ಸಮವಾಗಿ ಹರಡುವುದೇ ಕೈಚಳಕ. ಮೊದಲು ಬೇರಿಯಂ ಟಿನ್ ಹಾಕಿ ಅರ್ಧ ಟನ್‌ನಲ್ಲಿ ಹಗುರಕ್ಕೆ ಒತ್ತಿ, ಮೇಲೆ ಎಲ್‌ಬಿಎಫ್ ಉದುರಿಸಿ, ಪಂಚ್ ಒತ್ತದೆ ಎರಡು ಸುತ್ತು ತಿರುಗಿಸಿ ಮಟ್ಟ ಮಾಡಿ, ಆಮೇಲೆ ಪೂರ್ತಿ ಒತ್ತಡ. ತಳ ಮೊದಲೇ ಪೂರ್ತಿ ಒತ್ತಿಬಿಟ್ಟರೆ ಎರಡು ಪದರ ಬಿಡಿಸಿಕೊಳ್ಳುತ್ತವೆ. ಎಲ್ಲೋ ಒಂದು ಕಡೆ ತಳದ ಪದರ ಇಣುಕಿದರೆ ಆನೋಡ್ ಅಲ್ಲೇ ತವರವನ್ನು ಹಿಡಿಯುತ್ತದೆ.

ಇಂಪೀಡೆನ್ಸ್_ಅಕ್ಕ

ಬೇರಿಯಂ ಟಿನ್ ಅಳೆಯುವವರಿಗೆ ಒಂದು ಸೇರಿಸುತ್ತೇನೆ. 360 ಓಮ್ ಪೆಲೆಟ್‌ಗೆ ಕೋಣೆಯ ತಾಪಮಾನದಲ್ಲಿ 1 ಮೆಗಾಹರ್ಟ್ಸ್‌ವರೆಗೆ ಅರ್ಧವೃತ್ತವೇ ಕಾಣುವುದಿಲ್ಲ, ಇಲೆಕ್ಟ್ರೋಡಿನ ಬಾಲ ಮಾತ್ರ. ಬಾಲ ಅಡ್ಡಗೆರೆ ಮುಟ್ಟುವ ಜಾಗ ಓದಿಕೊಳ್ಳಿ. ಕಣ ಬೇರೆ, ಗಡಿ ಬೇರೆ ಮಾಡಿ ನೋಡಬೇಕಾದರೆ ಪೆಲೆಟ್ ತಣ್ಣಗೆ ಮಾಡಬೇಕು, ಬಿಸಿಯಲ್ಲ. ಮೆಗಾಓಮ್ ಅಳೆಯುವಾಗ ಮೂಸಿಯೂ ನೋಡದ ಕಾಂಟ್ಯಾಕ್ಟ್ ರೋಧ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕಾರವಾರದ ಉಪ್ಪುಗಾಳಿಗೆ ತಾಮ್ರದ ಕ್ಲಿಪ್‌ಗಳು ಹಸಿರಾಗಿರುತ್ತವೆ, ಸ್ಪ್ರಿಂಗ್ ಪಿನ್‌ಗಳನ್ನು ಉಜ್ಜಿ, ಖಾಲಿ ಹೋಲ್ಡರ್ ಶಾರ್ಟ್ ಮಾಡಿ ಎಷ್ಟು ಓಮ್ ಬರುತ್ತದೆ ನೋಡಿಯೇ ಪೆಲೆಟ್ ಇಡಿ.

ಸದಾಶಿವಗಡ_ಸೆಲ್

ಸರಿ, ಮೊದಲು ಫ್ಲೋರೈಟ್, ಜೊತೆಗೆ ಬೇರಿಯಂ ಟಿನ್ ಸಣ್ಣ ಬ್ಯಾಚ್. 800 ಡಿಗ್ರಿ ಫರ್ನೇಸ್ ಬೇರೆ ಕಡೆ ಕೇಳಿ ನೋಡುತ್ತೇವೆ. ಘಟ್ಟದವರೇ, ಒಂದು ಸಂಶಯ: ಸಿಂಟರಿಂಗ್ ನಡುವೆ ಕರೆಂಟ್ ಹೋದರೆ ಪೆಲೆಟ್ ಹಾಳೋ? ಮಳೆಗಾಲದಲ್ಲಿ ಅದು ದಿನದ ಮಾತು.

ಘಟ್ಟದ_ಮೇಲಿನವ

ಪೆಲೆಟ್ ಗಟ್ಟಿ ಮಾರಾಯ್ರೇ, ನಿಧಾನ ತಣಿದರೆ ಏನೂ ಆಗುವುದಿಲ್ಲ, ಇನ್ನೊಮ್ಮೆ ಏರಿಸಿದರಾಯಿತು. ಅಪಾಯ ಬೇರೆ ಕಡೆ ಇದೆ. ಟ್ಯೂಬ್ ತಣಿಯುವಾಗ ಒಳಗಿನ ಆರ್ಗಾನ್ ಕುಗ್ಗುತ್ತದೆ. ಆರ್ಗಾನ್ ಹರಿವು ಕರೆಂಟಿನ ಫ್ಲೋ ಕಂಟ್ರೋಲರ್ ಮೇಲೆ ನಿಂತಿದ್ದರೆ ಅದೂ ನಿಂತಿರುತ್ತದೆ. ಆಗ ಟ್ಯೂಬ್ ಸುಣ್ಣದ ನೀರನ್ನೇ ವಾಪಸ್ ಎಳೆದುಕೊಳ್ಳುತ್ತದೆ. ಬಿಸಿ ಟ್ಯೂಬ್‌ಗೆ ನೀರು ಬಿದ್ದರೆ ಅಲ್ಯುಮಿನಾ ಸೀಳುತ್ತದೆ, ಪೆಲೆಟ್ ಆಕ್ಸಿಫ್ಲೋರೈಡ್, ಮೇಲಿಂದ ಹೈಡ್ರೋಜನ್ ಫ್ಲೋರೈಡ್ ಹೊಗೆ.

ಹರಿವಿಗೆ ಸಾದಾ ಸೂಜಿ ವಾಲ್ವ್ ಮತ್ತು ರೋಟಾಮೀಟರ್ ಹಾಕಿ, ಕರೆಂಟ್ ಬೇಡ. ಟ್ಯೂಬ್‌ಗೂ ಸುಣ್ಣದ ಬಾಟಲಿಗೂ ನಡುವೆ ಖಾಲಿ ಬಾಟಲಿ ಒಂದು. ಅದು ಸುಣ್ಣದ ಬಾಟಲಿಯ ಪೂರ್ತಿ ನೀರು ಹಿಡಿಯುವಷ್ಟು ದೊಡ್ಡದಿರಲಿ, ಟ್ಯೂಬ್ ಕಡೆಯ ನಳಿಗೆ ಅದರ ಮುಚ್ಚಳದ ಹತ್ತಿರವೇ ನಿಲ್ಲಲಿ, ಸುಣ್ಣದ ಕಡೆಯದು ತಳಕ್ಕೆ ಇಳಿಯಲಿ. ಕಂಟ್ರೋಲರ್‌ನಲ್ಲಿ ಕರೆಂಟ್ ಬಂದ ಕೂಡಲೇ ನಿಲ್ಲಿಸಿದಲ್ಲಿಂದ ತಾನೇ ಮುಂದುವರಿಯುವ ಆಯ್ಕೆ ಇದ್ದರೆ ಆಫ್ ಮಾಡಿ. ಸಿಲಿಂಡರ್ ಖಾಲಿಯಾದದ್ದು ತಿಳಿಯದೆ ರಾತ್ರಿ ತಾನಾಗಿಯೇ 800ಕ್ಕೆ ಏರಿದರೆ ಬೆಳಿಗ್ಗೆ ಸಿಗುವುದು ಪೂರ್ತಿ ಆಕ್ಸಿಫ್ಲೋರೈಡ್.